ಗಡಿ ದಾಟುವ ವಿದ್ಯುತ್ ಮಾರ್ಗಗಳ ಆದ್ಯತೆ ಕುರಿತು ಯುರೋಪಿನ ಇಂಧನ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಡಾನ್ ಯೋರ್ಗೆನ್ಸೆನ್ ಅವರಿಗೆ,
ಇಂಧನ ಮತ್ತು ವಸತಿ ಆಯುಕ್ತರು, ಯುರೋಪಿಯನ್ ಆಯೋಗ, ಬ್ರಸೆಲ್ಸ್

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ರೈತ ಕುಟುಂಬವೊಂದರಲ್ಲಿ ಹುಟ್ಟಿ, ವಿದ್ಯುತ್ ಎಂಜಿನಿಯರಿಂಗ್ ಓದಿ, ಕಳೆದ ಹನ್ನೊಂದು ವರ್ಷಗಳಿಂದ ಬಾರ್ಸಿಲೋನಾದಲ್ಲಿ ನೆಲೆಸಿದ್ದೇನೆ. ಈ ಪತ್ರದ ಸ್ಪ್ಯಾನಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಇದನ್ನೇ ಕನ್ನಡದಲ್ಲಿ ಎಲ್ಲರ ಮುಂದಿಡುತ್ತಿರುವುದಕ್ಕೂ ಕಾರಣವಿದೆ. ಯುರೋಪಿನ ಊರೂರುಗಳಲ್ಲಿ ದುಡಿದು, ತೆರಿಗೆ ಕಟ್ಟಿ, ಪ್ರತಿ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ಜಾಲದ ಶುಲ್ಕವನ್ನೂ ತೆರುತ್ತಿರುವ ಕನ್ನಡಿಗರು ಇಂದು ಸಾವಿರಾರು ಸಂಖ್ಯೆಯಲ್ಲಿದ್ದಾರೆ. ಗಡಿ ದಾಟುವ ವಿದ್ಯುತ್ ಮಾರ್ಗಗಳ ವಿಷಯ ತಮಗೆ ಸಂಬಂಧಿಸಿದ್ದಲ್ಲವೆಂದು ಅವರು ಬದಿಗಿಡಬಾರದು ಎಂಬುದು ನನ್ನ ಆಸೆ. ಭಾರತದಲ್ಲಿರುವ ಓದುಗರಿಗೂ ಇದು ತೀರ ಅಪರಿಚಿತವಾದ ವಿಷಯವೇನಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

2025ರ ಏಪ್ರಿಲ್ 28ರ ಸೋಮವಾರ ಮಧ್ಯಾಹ್ನ 12 ಗಂಟೆ 33 ನಿಮಿಷಕ್ಕೆ ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ಒಟ್ಟಿಗೇ ಕರೆಂಟು ಹೋಯಿತು. ಐದೇ ಸೆಕೆಂಡುಗಳಲ್ಲಿ ಸುಮಾರು 15,000 ಮೆಗಾವ್ಯಾಟ್ ಉತ್ಪಾದನೆ ಕಳಚಿಬಿದ್ದಿತ್ತು. ಆ ಹೊತ್ತಿನ ಸ್ಪೇನಿನ ಬೇಡಿಕೆಯಲ್ಲಿ ಅದು ಸರಿಸುಮಾರು ಶೇ. 60ರಷ್ಟು. ನಮ್ಮ ಬೀದಿಯಲ್ಲಿ ಸಿಗ್ನಲ್ ದೀಪಗಳು ಆರಿದವು, ಮೆಟ್ರೊ ನಿಂತಿತು, ಸ್ವಲ್ಪ ಹೊತ್ತಿಗೆ ಮೊಬೈಲ್ ಕೂಡ ಕೈಕೊಟ್ಟಿತು. ಎದುರು ಮನೆಯ ಐದನೆಯ ಮಹಡಿಯಲ್ಲಿ ಒಂಟಿಯಾಗಿರುವ ವೃದ್ಧೆಗೆ ನಾವು ಮೂರು ಮನೆಯವರು ಸರದಿಯಲ್ಲಿ ಮೆಟ್ಟಿಲು ಹತ್ತಿ ನೀರು, ಬ್ರೆಡ್ಡು ಕೊಟ್ಟುಬಂದೆವು. ಕರೆಂಟು ಹೋಗುವುದನ್ನು ದಿನನಿತ್ಯ ನೋಡುತ್ತ ಬೆಳೆದ ನನಗೆ ಕತ್ತಲೆ ಹೊಸದಲ್ಲ. ಆದರೆ ಒಂದು ದೇಶದ ಇಡೀ ಜಾಲವೇ ಸೊನ್ನೆಗೆ ಇಳಿದರೆ ಅದನ್ನು ಮತ್ತೆ ಎಬ್ಬಿಸುವುದು ಎಷ್ಟು ಕಷ್ಟವೆಂಬುದನ್ನು ಓದಿ ತಿಳಿದಿದ್ದವರಿಗೆ ಆ ಮಧ್ಯಾಹ್ನ ನಿಜಕ್ಕೂ ಭಯವಾಗಿತ್ತು.

ಆ ಕುಸಿತಕ್ಕೆ ಕಾರಣ ಗಡಿಯಾಚೆಯ ಮಾರ್ಗಗಳ ಕೊರತೆಯೆಂದು ನಾನು ಹೇಳುವುದಿಲ್ಲ. ವೋಲ್ಟೇಜ್ ಮಿತಿಮೀರಿ ಏರಿ, ಒಂದರ ಹಿಂದೊಂದು ಸ್ಥಾವರ ಕಳಚಿಕೊಳ್ಳುತ್ತ ಹೋಯಿತೆಂದು ತನಿಖೆಗಳು ಹೇಳಿವೆ, ಆ ದೋಷ ದೇಶದೊಳಗಿನದು. ಆದರೆ ಜಾಲವನ್ನು ಮತ್ತೆ ಎಬ್ಬಿಸುವ ಕೆಲಸಕ್ಕೆ ಸ್ಪೇನಿನ ಜಲವಿದ್ಯುತ್ ಸ್ಥಾವರಗಳ ಜೊತೆಗೆ ಕೈ ಜೋಡಿಸಿದ್ದು ನೆರೆಹೊರೆಯವರು. ಕೆಲವೇ ನಿಮಿಷಗಳಲ್ಲಿ ಫ್ರಾನ್ಸ್ ಕಡೆಯ 400 ಕಿಲೋವೋಲ್ಟ್ ಮಾರ್ಗಕ್ಕೆ ಜೀವ ಬಂತು, ಒಂದು ಗಂಟೆಯ ಸುಮಾರಿಗೆ ಜಿಬ್ರಾಲ್ಟರ್ ಜಲಸಂಧಿಯ ಕೆಳಗಿನ ಕೇಬಲ್ಲಿನಲ್ಲಿ ಮೊರಾಕ್ಕೊದಿಂದ ವಿದ್ಯುತ್ ಹರಿಯಿತು. ಗಡಿಯ ಸಬ್‌ಸ್ಟೇಷನ್ನುಗಳಿಂದ ಆರಂಭಿಸಿ ಒಳನಾಡಿನತ್ತ ಹಂತಹಂತವಾಗಿ ದೀಪ ಹಚ್ಚುತ್ತ ಬಂದು, ಮರುದಿನ ನಸುಕಿನ ನಾಲ್ಕರ ಹೊತ್ತಿಗೆ ಪ್ರಸರಣ ಜಾಲ ಪೂರ್ತಿ ಎದ್ದು ನಿಂತಿತು. ಪಿರೆನೀಸ್ ಪರ್ವತ ದಾಟುವ ಮಾರ್ಗಗಳ ಒಟ್ಟು ಸಾಮರ್ಥ್ಯ ಇಂದಿಗೂ ಸುಮಾರು 2,800 ಮೆಗಾವ್ಯಾಟ್ ಮಾತ್ರ. ಪ್ರತಿ ಸದಸ್ಯ ರಾಷ್ಟ್ರವೂ ತನ್ನ ಉತ್ಪಾದನಾ ಸಾಮರ್ಥ್ಯದ ಶೇ. 10ರಷ್ಟನ್ನಾದರೂ ಗಡಿಯಾಚೆ ಸಾಗಿಸಬಲ್ಲ ಮಾರ್ಗಗಳನ್ನು 2005ರೊಳಗೆ ಹೊಂದಬೇಕೆಂದು ಯುರೋಪಿನ ನಾಯಕರು ಒಪ್ಪಿದ್ದು 2002ರ ಮಾರ್ಚ್‌ನಲ್ಲಿ, ನಾನಿರುವ ಇದೇ ಬಾರ್ಸಿಲೋನಾದಲ್ಲಿ. ಆ ಗಡುವನ್ನು ಮುಂದೆ 2020ಕ್ಕೆ ಒಯ್ಯಲಾಯಿತು, 2030ಕ್ಕೆ ಶೇ. 15 ಎಂಬ ಹೊಸ ಗುರಿಯೂ ಬಂತು. ಸ್ಪೇನ್ ಇನ್ನೂ ಆ ಮೊದಲ ಹತ್ತನ್ನೇ ಮುಟ್ಟಿಲ್ಲ.

ಇಲ್ಲಿ ನನ್ನ ನಾಡಿನ ಒಂದು ನೆನಪನ್ನು ತಮ್ಮ ಮುಂದಿಡಲು ಅನುಮತಿ ಕೊಡಿ. 2012ರ ಜುಲೈ 30 ಮತ್ತು 31ರಂದು ಭಾರತದ ಉತ್ತರದ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಸೇರಿ ಸುಮಾರು 60 ಕೋಟಿ ಜನರ ನಾಡು ಕತ್ತಲಾಯಿತು. ದಕ್ಷಿಣದ ನಾವು ಪಾರಾಗಿದ್ದೆವು. ಏಕೆಂದರೆ ನಮ್ಮ ಜಾಲ ಉಳಿದ ಭಾರತದ ಜಾಲದೊಂದಿಗೆ ಒಂದೇ ಲಯದಲ್ಲಿ ಬೆಸೆದುಕೊಂಡಿರಲಿಲ್ಲ. ಒಡಿಶಾದ ತಾಲ್ಚೇರ್‌ನಿಂದ ಕೋಲಾರದವರೆಗಿನ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಿನ) ಮಾರ್ಗದಂತಹ ಕೆಲವು ಕೊಂಡಿಗಳಷ್ಟೇ ಇದ್ದವು. ಹಾಗೆ ಪಾರಾದೆವೆಂದು ನಮ್ಮವರು ದೂರವೇ ಉಳಿಯಲಿಲ್ಲ. ಬೇಸಿಗೆಯಲ್ಲಿ ದಕ್ಷಿಣಕ್ಕೆ ವಿದ್ಯುತ್ ಸಾಲದೆ, ಉತ್ತರದಲ್ಲಿ ಅದು ಅಗ್ಗವಾಗಿ ಸಿಗುತ್ತಿದ್ದರೂ ತರಿಸಿಕೊಳ್ಳಲಾಗದೆ ನಾವು ಪಟ್ಟ ಪಾಡು ಎಲ್ಲರಿಗೂ ನೆನಪಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡು, ಇಡೀ ದೇಶ ಒಂದೇ ಜಾಲವಾಯಿತು. ಭಾರತದ ರಾಜ್ಯಗಳ ನಡುವೆ ಆಗಿದ್ದನ್ನು ಸ್ವತಂತ್ರ ರಾಷ್ಟ್ರಗಳ ನಡುವೆ ಅಷ್ಟೇ ಸಲೀಸಾಗಿ ಮಾಡಬಹುದೆಂದು ನಾನು ಭಾವಿಸುವುದಿಲ್ಲ. ಆದರೆ ಬೆಸುಗೆಯ ಬೆಲೆ ಏನೆಂಬುದನ್ನು ಅನುಭವದಿಂದ ಬಲ್ಲ ಜನರ ನಡುವಿನಿಂದ ಬಂದು ಈ ಮಾತು ಹೇಳುತ್ತಿದ್ದೇನೆ.

ಈಗ ನೇರವಾಗಿ ತಮ್ಮ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಯುರೋಪಿಯನ್ ಒಕ್ಕೂಟದ 2013ರ ಇಂಧನ ಮೂಲಸೌಕರ್ಯ ಕಾಯಿದೆಯ ಅಡಿಯಲ್ಲಿ, ಎರಡು ಅಥವಾ ಹೆಚ್ಚು ರಾಷ್ಟ್ರಗಳಿಗೆ ಉಪಯೋಗವಾಗುವ ಇಂಧನ ಯೋಜನೆಗಳನ್ನು ಆರಿಸಿ, 'ಸಾಮಾನ್ಯ ಹಿತಾಸಕ್ತಿಯ ಯೋಜನೆಗಳು' ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೊಮ್ಮೆ ಆಯೋಗವು ಪಟ್ಟಿ ಹೊರಡಿಸುತ್ತ ಬಂದಿದೆ. 2022ರಲ್ಲಿ ಕಾಯಿದೆ ಪರಿಷ್ಕೃತವಾದ ಮೇಲೆ ಒಕ್ಕೂಟದ ಹೊರಗಿನ ನೆರೆಯವರೊಂದಿಗಿನ ಯೋಜನೆಗಳಿಗೂ ಅದರಲ್ಲಿ ಜಾಗ ಸಿಕ್ಕಿದೆ. ಪಟ್ಟಿಗೆ ಸೇರಿದ ಯೋಜನೆಗೆ ಸಿಗುವುದು ಸಣ್ಣ ಸವಲತ್ತಲ್ಲ. ಪ್ರತಿ ದೇಶದಲ್ಲೂ ಹತ್ತಾರು ಇಲಾಖೆಗಳ ಬಾಗಿಲು ಬಡಿಯದಂತೆ ಒಂದೇ ಪ್ರಾಧಿಕಾರ ಹೊಣೆ ಹೊರಬೇಕು. ಅರ್ಜಿಗೆ ಮುಂಚಿನ ಹಂತಕ್ಕೆ 24 ತಿಂಗಳು, ಅರ್ಜಿಯ ವಿಚಾರಣೆಗೆ 18 ತಿಂಗಳು, ಹೀಗೆ ಒಟ್ಟು ಮೂರೂವರೆ ವರ್ಷದೊಳಗೆ ಅನುಮತಿಯ ತೀರ್ಮಾನವಾಗಬೇಕು. ರಾಷ್ಟ್ರೀಯ ಕಾನೂನಿನಲ್ಲಿ ಅತ್ಯುನ್ನತ ಮಹತ್ವದ ಸ್ಥಾನವೆಂಬುದೊಂದಿದ್ದರೆ ಅದನ್ನು ಕೊಡಬೇಕು. ಜೊತೆಗೆ ಒಕ್ಕೂಟದ ನಿಧಿಯಿಂದ ಅನುದಾನ ಬೇಡುವ ಅರ್ಹತೆಯೂ ಬರುತ್ತದೆ. 2021ರಿಂದ 2027ರವರೆಗಿನ ಅವಧಿಗೆ ಆ ನಿಧಿಯಲ್ಲಿ ಇಂಧನಕ್ಕೆಂದು 584 ಕೋಟಿ ಯೂರೊ ಮೀಸಲಾಗಿದೆ. ಇವೆಲ್ಲವೂ ಒಳ್ಳೆಯ ಏರ್ಪಾಡುಗಳೆಂದೇ ನಾನು ನಂಬಿದ್ದೇನೆ, ಪಟ್ಟಿಯನ್ನೇ ಕೈಬಿಡಿ ಎಂದು ಹೇಳುವವರ ಸಾಲಿನಲ್ಲಿ ನಾನಿಲ್ಲ. ನನ್ನ ದೂರು ಬೇರೆ. ಆದ್ಯತೆ ಎಂಬ ಮಾತನ್ನು ತಾವು ಯೋಜನೆಗೆ ಕೊಟ್ಟಿದ್ದೀರಿ; ಆ ಯೋಜನೆ ಯಾರ ಹೊಲದ ಮೇಲೆ, ಯಾರ ಕಡಲತೀರದ ಮೇಲೆ ಹಾದುಹೋಗುತ್ತದೋ ಅವರಿಗೆ ಆ ಮಾತಿನಿಂದ ಏನು ದಕ್ಕಬೇಕೆಂಬುದನ್ನು ಯಾರೂ ಅಷ್ಟೇ ಸ್ಪಷ್ಟವಾಗಿ ಬರೆದಿಟ್ಟಿಲ್ಲ. ವಿಳಂಬದ ಬೇರು ಬಹುಪಾಲು ಅಲ್ಲೇ ಇದೆ.

ಪಿರೆನೀಸ್‌ನ ಕಥೆಯನ್ನೇ ನೋಡಿ. 1982ರಲ್ಲಿ ಒಂದು ಮಾರ್ಗ ಮುಗಿದ ಮೇಲೆ ಮುಂದಿನದು ಚಾಲನೆಗೆ ಬರಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ನಡುವೆ, ಅರಗಾನ್ ಪ್ರಾಂತ್ಯದಿಂದ ಬೆಟ್ಟ ಹತ್ತಿ ಫ್ರಾನ್ಸಿನ ಕಜಾರಿಲ್ ಸೇರಬೇಕಿದ್ದ ಮಾರ್ಗವನ್ನು ಜನರ ವಿರೋಧ ಕಂಡು 1996ರಲ್ಲಿ ಫ್ರಾನ್ಸ್ ಕೈಬಿಟ್ಟಿತು. ಆಮೇಲೆ ಪೂರ್ವದ ಅಂಚಿನಲ್ಲಿ ಎತ್ತರದ ಟವರುಗಳ ಮಾರ್ಗವೊಂದನ್ನು ಎಳೆಯಲು ಹೊರಟಾಗ ಗಡಿಯ ಎರಡೂ ಬದಿಯ ಕಟಲಾನ್ ಹಳ್ಳಿಗಳು ಎದ್ದುನಿಂತವು. ಕೊನೆಗೆ 2007ರಲ್ಲಿ ಯುರೋಪಿಯನ್ ಆಯೋಗದ ಮಾಜಿ ಆಯುಕ್ತ ಮಾರಿಯೊ ಮೊಂಟಿ ಅವರನ್ನು ಯುರೋಪಿನ ಸಂಯೋಜಕರೆಂದು ನೇಮಿಸಲಾಯಿತು. ಅವರು ಎಲ್ಲರ ಮಾತನ್ನೂ ಕೇಳಿ, ಟವರುಗಳ ಬದಲು ನೆಲದಡಿಯ ಡಿಸಿ ಕೇಬಲ್ ಹಾಕುವ ಪರಿಹಾರವನ್ನು ಮರುವರ್ಷ ಸೂಚಿಸಿದರು. ಸಾಂತಾ ಯೊಗಾಯಾದಿಂದ ಬೈಷಾಸ್‌ವರೆಗೆ 64.5 ಕಿಲೋಮೀಟರ್ ಉದ್ದ, ಅದರಲ್ಲಿ ಎಂಟೂವರೆ ಕಿಲೋಮೀಟರ್ ಬೆಟ್ಟ ಕೊರೆದ ಸುರಂಗ, ಸುಮಾರು 70 ಕೋಟಿ ಯೂರೊ ವೆಚ್ಚ, ಅದರಲ್ಲಿ 22.5 ಕೋಟಿ ಒಕ್ಕೂಟದ ನೆರವು. 2015ರಲ್ಲಿ ಅದು ಚಾಲನೆಗೊಂಡಾಗ ಎರಡು ದೇಶಗಳ ನಡುವಿನ ಸಾಮರ್ಥ್ಯ ಇಮ್ಮಡಿಯಾಯಿತು. ಟವರಿಗಿಂತ ಅದು ದುಬಾರಿಯೆಂಬುದು ನಿಜ. ಆದರೆ ಕಟ್ಟಲಾಗದ ಅಗ್ಗದ ಮಾರ್ಗಕ್ಕಾಗಿ ಕಾದು ಕಳೆದ ವರ್ಷಗಳ ನಷ್ಟವನ್ನು ಆ ಲೆಕ್ಕಕ್ಕೆ ಸೇರಿಸಿದರೆ ಯಾವುದು ದುಬಾರಿಯೆಂಬುದನ್ನು ತಾವೇ ಹೇಳಬಲ್ಲಿರಿ. ಮೊಂಟಿ ಅವರು ತಂದದ್ದು ಹೊಸ ಗಡುವನ್ನಲ್ಲ. ಮಾರ್ಗದ ಸ್ವರೂಪವನ್ನೇ ಬದಲಿಸಬಹುದಾದ ಅಧಿಕಾರ ಕೈಯಲ್ಲಿಟ್ಟುಕೊಂಡು ಜನರ ಮಾತು ಕೇಳಿದರು. ಎರಡು ದಶಕ ಕಗ್ಗಂಟಾಗಿದ್ದುದು ಒಂದು ವರ್ಷದಲ್ಲಿ ಬಿಡಿಸಿಕೊಂಡಿತು.

ನಾನು ಈ ಅಂಶವನ್ನು ಇಷ್ಟು ಒತ್ತಿ ಹೇಳಲು ಕಾರಣ ನನ್ನ ಬಾಲ್ಯದಲ್ಲಿದೆ. ನಮ್ಮ ತೋಟದ ಮೇಲೆ ಒಂದು ಹೈಟೆನ್ಷನ್ ಲೈನ್ ಹಾದುಹೋಯಿತು. ಸರ್ವೆಯವರು ಬಂದು ಗೂಟ ನೆಟ್ಟ ಮೇಲೆಯೇ ನಮ್ಮ ತಂದೆಯವರಿಗೆ ವಿಷಯ ತಿಳಿದದ್ದು. ಲೈನಿನ ಕೆಳಗೆ ಬರುತ್ತವೆಂದು ಫಸಲು ಬಿಡುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ತೆಂಗಿನ ಮರಗಳನ್ನು ಕಡಿದರು. ಪರಿಹಾರವೇನೋ ಬಂತು, ತಡವಾಗಿ ಬಂತು. ಆದರೆ ಅವರ ಮನಸ್ಸಿನಲ್ಲಿ ಉಳಿದದ್ದು ಹಣದ ಮಾತಲ್ಲ. "ಲೈನ್ ಬೇಡ ಅಂತ ನಾನು ಹೇಳ್ತಿರಲಿಲ್ಲ, ಆ ಬದುವಿನ ಕಡೆಯಿಂದ ತಗೊಂಡು ಹೋಗಿ ಅಂತಿದ್ದೆ, ಅಷ್ಟೇ" ಎಂದು ಅವರು ಬಹಳ ವರ್ಷ ಹೇಳುತ್ತಿದ್ದರು. ಆ ಬದುವಿನ ಕಡೆಯಿಂದ ಒಯ್ದಿದ್ದರೆ ನಾಲ್ಕೋ ಐದೋ ಮರ ಹೋಗುತ್ತಿದ್ದವು. ಅವರನ್ನು ಕೇಳುವ ಪದ್ಧತಿಯೇ ಆಗ ಇರಲಿಲ್ಲ.

ತಮ್ಮ ಕಾಯಿದೆಯಲ್ಲಿ ಕೇಳುವ ಪದ್ಧತಿಯಿದೆ. ಪೂರ್ಣ ಅರ್ಜಿ ಸಲ್ಲಿಸುವ ಮುನ್ನ ಒಮ್ಮೆಯಾದರೂ ಸಾರ್ವಜನಿಕರ ಅಭಿಪ್ರಾಯ ಪಡೆಯಲೇಬೇಕು. ಆದರೆ ಆ ಹೊತ್ತಿಗೆ ಮಾರ್ಗದ ಗೆರೆ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ, ತಂತ್ರಜ್ಞಾನದ ಆಯ್ಕೆ ಮುಗಿದಿರುತ್ತದೆ, ವೆಚ್ಚದ ಅಂದಾಜು ನಿಯಂತ್ರಕರ ಮುಂದಿರುತ್ತದೆ. ಜರ್ಮನಿಯ ಸೂಡ್‌ಲಿಂಕ್ ಇದಕ್ಕೆ ತಕ್ಕ ಉದಾಹರಣೆ. ಉತ್ತರದ ಕಡಲತಡಿಯ ಗಾಳಿ ವಿದ್ಯುತ್ತನ್ನು ಸುಮಾರು 700 ಕಿಲೋಮೀಟರ್ ದೂರದ ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ಗಳಿಗೆ ತಲುಪಿಸಬೇಕಾದ ಈ ಮಾರ್ಗ ಒಂದೇ ದೇಶದೊಳಗಿದ್ದರೂ ಇಡೀ ಖಂಡದ ಹರಿವಿಗೆ ಮುಖ್ಯವಾದುದರಿಂದ ಆದ್ಯತೆಯ ಪಟ್ಟಿಯಲ್ಲಿದೆ. ಮೊದಲು ಟವರುಗಳೆಂದು ಯೋಜಿಸಿ, ಜನರ ವಿರೋಧದ ನಂತರ 2015ರ ಕೊನೆಯಲ್ಲಿ ಕಾನೂನನ್ನೇ ತಿದ್ದಿ ನೆಲದಡಿಯ ಕೇಬಲ್ಲಿಗೆ ಆದ್ಯತೆ ಕೊಟ್ಟಾಗ ಮಾರ್ಗದ ಹುಡುಕಾಟ ಮೊದಲಿನಿಂದ ಆರಂಭವಾಯಿತು. 2022ಕ್ಕೆ ಮುಗಿಯಬೇಕಿದ್ದುದು 2028ಕ್ಕೆ ಹೋಯಿತು. ಮೊದಲು ಕೇಳಿ ಆಮೇಲೆ ಗೆರೆ ಎಳೆದಿದ್ದರೆ ಆ ವರ್ಷಗಳಲ್ಲಿ ಎಷ್ಟು ಉಳಿಯುತ್ತಿದ್ದವೋ!

ಎರಡನೆಯ ಮಾತು ಗಡಿಯಾರದ್ದು. ಮೂರೂವರೆ ವರ್ಷದ ಗಡುವು ಎಣಿಸುವುದು ಅನುಮತಿಯ ಅವಧಿಯನ್ನು ಮಾತ್ರ. ಅದೂ ಯೋಜನೆ ನಡೆಸುವವರ ಸೂಚನಾಪತ್ರವನ್ನು ಪ್ರಾಧಿಕಾರ ಅಂಗೀಕರಿಸಿದ ದಿನದಿಂದ. ಬಿಸ್ಕೆ ಕೊಲ್ಲಿಯ ಕೇಬಲ್ಲನ್ನು ತೆಗೆದುಕೊಳ್ಳಿ. ಬಿಲ್ಬಾವೊ ಬಳಿಯ ಗಾತಿಕಾದಿಂದ ಬೋರ್ಡೊ ಬಳಿಯ ಕ್ಯೂಬ್ನೆಝೇವರೆಗೆ ಸುಮಾರು 400 ಕಿಲೋಮೀಟರ್ ಸಾಗಿ, ಎರಡು ದೇಶಗಳ ನಡುವಿನ ಸಾಮರ್ಥ್ಯವನ್ನು 5,000 ಮೆಗಾವ್ಯಾಟ್‌ಗೆ ಏರಿಸಲಿರುವ ಯೋಜನೆಯಿದು. 2013ರ ಮೊದಲ ಪಟ್ಟಿಯಲ್ಲೇ ಇತ್ತು. 2018ರಲ್ಲಿ 57.8 ಕೋಟಿ ಯೂರೊ ಅನುದಾನ ಸಿಕ್ಕಿತು. ಆಮೇಲೆ ಕಾಪ್‌ಬ್ರೆಟನ್ ಎಂಬಲ್ಲಿ ಕಡಲಡಿಯ ಆಳ ಕಂದರದ ನೆಲ ಜಾರುತ್ತಿದೆಯೆಂದು ತಿಳಿದು, ಕೇಬಲ್ಲನ್ನು ದಡಕ್ಕೆ ಏರಿಸಿ ಬಳಸಿಕೊಂಡು ಹೋಗಬೇಕಾಯಿತು. ಆ ದಡದ ಊರುಗಳೊಂದಿಗೆ ಹೊಸದಾಗಿ ಮಾತುಕತೆ ಆರಂಭವಾಯಿತು. ಈಗ 2028ರ ನಿರೀಕ್ಷೆಯಲ್ಲಿದ್ದೇವೆ. ಸಮುದ್ರದ ನೆಲ ಜಾರಿದರೆ ಯಾರನ್ನೂ ದೂಷಿಸುವಂತಿಲ್ಲ. ಆದರೆ ಪಟ್ಟಿ ಸೇರಿದ ದಿನದಿಂದ ವಿದ್ಯುತ್ ಹರಿಯುವ ದಿನದವರೆಗೆ ಹದಿನೈದು ವರ್ಷ ಹಿಡಿದ ಯೋಜನೆಯೂ ಕಾಯಿದೆಯ ಗಡುವಿನ ಪ್ರಕಾರ ನಿಯಮ ಮೀರದ ಯೋಜನೆಯಾಗಿ ಕಾಣಬಹುದಾದರೆ, ಆ ಗಡಿಯಾರ ನಾಗರಿಕರಿಗೆ ಏನನ್ನೂ ತಿಳಿಸುವುದಿಲ್ಲ. ವಿಳಂಬದ ಕಾರಣಗಳನ್ನು ಯೋಜನೆ ನಡೆಸುವವರೇ ವಾರ್ಷಿಕ ವರದಿಯಲ್ಲಿ ಬರೆದುಕೊಡುತ್ತಾರೆ. ಆ ಕಾರಣಗಳನ್ನು ಸ್ಥಳಕ್ಕೆ ಹೋಗಿ ಪರೀಕ್ಷಿಸಿ, ಆಯಾ ಊರಿನ ಭಾಷೆಯಲ್ಲಿ ಪ್ರಕಟಿಸುವ ಹೊಣೆಯನ್ನು ಯಾರಿಗಾದರೂ ವಹಿಸಬೇಕು.

ಪಟ್ಟಿಯೊಳಗೆ ಏನಿರಬೇಕೆಂಬ ವಿಷಯದಲ್ಲಿ ನನ್ನ ಅಭಿಪ್ರಾಯ ತುಸು ಕಟುವಾಗಿದೆ. ಮೊದಲ ಪಟ್ಟಿಗಳಲ್ಲಿ ನೈಸರ್ಗಿಕ ಅನಿಲದ ಕೊಳವೆಗಳು ದಂಡಿಯಾಗಿದ್ದವು. ಅವುಗಳ ಹವಾಮಾನ ಪರಿಣಾಮವನ್ನು ಸರಿಯಾಗಿ ಅಳೆದಿರಲಿಲ್ಲವೆಂದು ಯುರೋಪಿನ ಓಂಬುಡ್ಸ್‌ಮನ್ (ಒಕ್ಕೂಟದ ಆಡಳಿತದ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರಿ) 2020ರಲ್ಲಿ ಹೇಳಬೇಕಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಯುರೋಪಿಯನ್ ಸಂಸತ್ತಿನಲ್ಲಿ ಆಕ್ಷೇಪ ಬಂದಾಗ ಸದಸ್ಯರ ಮುಂದಿದ್ದುದು ಇಡೀ ಪಟ್ಟಿಯನ್ನು ಒಪ್ಪುವುದು ಅಥವಾ ಇಡೀ ಪಟ್ಟಿಯನ್ನು ತಳ್ಳಿಹಾಕುವುದು, ಇವೆರಡೇ ದಾರಿ. ಬೇಕಾದ ವಿದ್ಯುತ್ ಮಾರ್ಗಗಳನ್ನು ಉಳಿಸಿಕೊಳ್ಳಲು ಬೇಡದ ಅನಿಲ ಕೊಳವೆಗಳನ್ನೂ ಒಪ್ಪಬೇಕಾಯಿತು. ಇಡೀ ಪಟ್ಟಿಯನ್ನು ಒಟ್ಟಾಗಿಯೇ ಒಪ್ಪುವ ಅಥವಾ ತಳ್ಳುವ ಆ ಪದ್ಧತಿ ಇಂದಿಗೂ ಹಾಗೆಯೇ ಇದೆ. 2022ರ ಪರಿಷ್ಕರಣೆ ಸೈಪ್ರಸ್ ಮತ್ತು ಮಾಲ್ಟಾಗಳ ಸೀಮಿತ ವಿನಾಯಿತಿಯೊಂದನ್ನು ಬಿಟ್ಟು ಅನಿಲವನ್ನು ಹೊರಗಿಟ್ಟಿತು, ಅದು ಸರಿಯಾದ ಹೆಜ್ಜೆ. ಆದರೆ 2023ರ ನವೆಂಬರ್‌ನ 166 ಯೋಜನೆಗಳ ಪಟ್ಟಿಯಲ್ಲಿ 65 ಯೋಜನೆಗಳು ಜಲಜನಕಕ್ಕೆ ಸಂಬಂಧಿಸಿದವು. 2030ರ ಜಲಜನಕದ ಗುರಿಗಳು ವಾಸ್ತವಕ್ಕೆ ದೂರವೆಂದು ಒಕ್ಕೂಟದ್ದೇ ಲೆಕ್ಕಪರಿಶೋಧನಾ ನ್ಯಾಯಾಲಯ 2024ರಲ್ಲಿ ಹೇಳಿದೆ. ಉತ್ಪಾದಕರೂ ಗ್ರಾಹಕರೂ ಇನ್ನೂ ಖಚಿತವಾಗದ ಕೊಳವೆಗೆ, ಇಂದೇ ತುಂಬಿ ತುಳುಕುತ್ತಿರುವ ವಿದ್ಯುತ್ ಮಾರ್ಗದಷ್ಟೇ ಆದ್ಯತೆ ಕೊಟ್ಟರೆ, ಅನುಮತಿ ಕಚೇರಿಯ ಅದೇ ನಾಲ್ಕು ಜನ ಅಧಿಕಾರಿಗಳ ಮೇಜಿನ ಮೇಲೆ ಎರಡೂ ಕಡತಗಳು ಒಂದೇ ಸಾಲಿನಲ್ಲಿ ಬಂದು ಕೂರುತ್ತವೆ. ಎಲ್ಲಕ್ಕೂ ಆದ್ಯತೆಯೆಂದರೆ ಯಾವುದಕ್ಕೂ ಇಲ್ಲವೆಂದೇ ಆಗುತ್ತದೆ.

ಬಾಲ್ಟಿಕ್ ರಾಷ್ಟ್ರಗಳು ಮಾಡಿ ತೋರಿಸಿದ್ದನ್ನು ನೆನೆದಾಗ ಮನಸ್ಸಿಗೆ ಸಮಾಧಾನವಾಗುತ್ತದೆ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳು ಸೋವಿಯತ್ ಕಾಲದಿಂದ ರಷ್ಯಾದ ಜಾಲದ ಲಯಕ್ಕೆ ಕಟ್ಟಿಹಾಕಲ್ಪಟ್ಟಿದ್ದವು. 2018ರ ಜೂನ್‌ನಲ್ಲಿ ನಾಯಕರು ಕಾಲಸೂಚಿಗೆ ಸಹಿ ಹಾಕಿದರು, ಒಕ್ಕೂಟವು 120 ಕೋಟಿ ಯೂರೊಗೂ ಹೆಚ್ಚು ಕೊಟ್ಟಿತು, 2025ರ ಫೆಬ್ರವರಿ 8ರಂದು ಅವು ಹಳೆಯ ಜಾಲದಿಂದ ಕಳಚಿಕೊಂಡು, ಒಂದು ದಿನ ತಮ್ಮ ಕಾಲ ಮೇಲೆ ತಾವೇ ನಿಂತು, 9ರಂದು ಪೋಲೆಂಡ್ ಮೂಲಕ ಯುರೋಪಿನ ಜಾಲಕ್ಕೆ ಬೆಸೆದುಕೊಂಡವು. ಏನನ್ನು, ಏಕೆ, ಯಾವಾಗ ಎಂಬ ಮೂರೂ ಅಲ್ಲಿನ ಪ್ರತಿ ಮನೆಗೂ ಗೊತ್ತಿತ್ತು. ಇದಕ್ಕೆ ವಿರುದ್ಧವಾದುದು ದಕ್ಷಿಣ ಸ್ವೀಡನ್ ಮತ್ತು ಜರ್ಮನಿಯನ್ನು ಬೆಸೆಯಬೇಕಿದ್ದ 700 ಮೆಗಾವ್ಯಾಟ್‌ನ ಹಾನ್ಸಾ ಪವರ್‌ಬ್ರಿಡ್ಜ್. ಸ್ವೀಡನ್ ಸರ್ಕಾರ 2024ರ ಜೂನ್‌ನಲ್ಲಿ ಅದನ್ನು ನಿರಾಕರಿಸಿತು. ಜರ್ಮನಿಯ ಮಾರುಕಟ್ಟೆ ಈಗಿರುವ ಸ್ಥಿತಿಯಲ್ಲಿ ಕೇಬಲ್ ಹಾಕಿದರೆ ತನ್ನ ದಕ್ಷಿಣ ಭಾಗದ ಜನರಿಗೆ ವಿದ್ಯುತ್ ದುಬಾರಿಯಾಗುತ್ತದೆ ಎಂಬುದು ಅದರ ಭಯ. ಆ ಭಯ ಆಧಾರವಿಲ್ಲದ್ದಲ್ಲ. ಮಾರ್ಗದಿಂದ ಖಂಡಕ್ಕೆ ಲಾಭವೆಂದು ಲೆಕ್ಕ ತೋರಿಸಿದರೆ ಸಾಲದು. ನಷ್ಟ ಯಾರ ಬಿಲ್ಲಿನ ಮೇಲೆ ಬೀಳುತ್ತದೆ, ಅದನ್ನು ಹೇಗೆ ತುಂಬಿಕೊಡುತ್ತೀರಿ ಎಂಬುದನ್ನೂ ಅದೇ ಕಾಗದದಲ್ಲಿ ತೋರಿಸಬೇಕು.

ಮಾನ್ಯರೇ, ಅನುಮತಿಗಳನ್ನು ಇನ್ನಷ್ಟು ತ್ವರಿತಗೊಳಿಸುವ ಪ್ರಸ್ತಾವಗಳನ್ನು ತಮ್ಮ ಆಯೋಗ 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟಿದೆ. ಅವು ಸಂಸತ್ತಿನ ಮುಂದಿರುವ ಈ ಕಾಲದಲ್ಲಿ ನನ್ನ ಬೇಡಿಕೆಗಳು ಇಷ್ಟು. ಪಟ್ಟಿಗೆ ಸೇರುವ ಪ್ರತಿ ಮಾರ್ಗದ ವಿಷಯದಲ್ಲೂ, ಗೆರೆ ಎಳೆಯುವ ಮುನ್ನವೇ, ಟವರೋ ಕೇಬಲ್ಲೋ ಎಂಬುದು ತೀರ್ಮಾನವಾಗುವ ಮುನ್ನವೇ, ಆ ಪ್ರದೇಶದ ಊರುಗಳೊಂದಿಗೆ ಸಮಾಲೋಚನೆ ಕಡ್ಡಾಯವಾಗಲಿ. ಅಲ್ಲಿ ಬಂದ ಸಲಹೆಯನ್ನು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂಬುದನ್ನು ಲಿಖಿತವಾಗಿ ತಿಳಿಸಲಿ. ಪಟ್ಟಿ ಸೇರಿದ ದಿನದಿಂದಲೇ ಎಣಿಸುವ ಗಡಿಯಾರವೊಂದು ಎಲ್ಲರ ಕಣ್ಣಿಗೆ ಬೀಳುವಂತೆ ಇರಲಿ. ಸಂಸತ್ತು ವಿದ್ಯುತ್ ಮಾರ್ಗಗಳ ಮೇಲೂ ಕೊಳವೆಗಳ ಮೇಲೂ ಬೇರೆಬೇರೆಯಾಗಿ ಮತ ಹಾಕುವಂತಾಗಲಿ. ಅನುಮತಿ ಪ್ರಾಧಿಕಾರಗಳಿಗೆ ಸಾಕಷ್ಟು ಜನರನ್ನು ನೇಮಿಸಿಕೊಳ್ಳಲು ಒಕ್ಕೂಟದ ಹಣ ಬಳಸಲು ಅವಕಾಶವಾಗಲಿ, ಏಕೆಂದರೆ ಗಡುವನ್ನು ಮೊಟಕುಗೊಳಿಸಿ ಕೈಗಳನ್ನು ಹೆಚ್ಚಿಸದಿದ್ದರೆ ಮೊಟಕಾಗುವುದು ಜನರ ಮಾತು ಕೇಳುವ ಸಮಯವೇ.

ಪಿರೆನೀಸ್ ದಾಟಲು ಇನ್ನೂ ಎರಡು ಮಾರ್ಗಗಳು ಯೋಜನೆಯಲ್ಲಿವೆ. ಒಂದು ನವಾರಾದಿಂದ ಲಾಂಡ್ಸ್‌ಗೆ, ಇನ್ನೊಂದು ಅರಗಾನ್‌ನಿಂದ ಅಟ್ಲಾಂಟಿಕ್ ಪಿರೆನೀಸ್‌ಗೆ. ಎರಡೂ ಬೇಕು, ಬೇಗ ಬೇಕು. 1996ರಲ್ಲಿ ಕೈಬಿಟ್ಟ ಮಾರ್ಗದ ನೆನಪು ಅರಗಾನ್‌ನ ಬೆಟ್ಟದ ಊರುಗಳಲ್ಲಿ ಇನ್ನೂ ಹಸಿಯಾಗಿದೆ. ಈ ಎರಡು ಮಾರ್ಗಗಳಿಗೆ ಮೊಂಟಿ ಅವರಿಗಿದ್ದಂತಹ ಅಧಿಕಾರವುಳ್ಳ ಸಂಯೋಜಕರೊಬ್ಬರನ್ನು ಈ ವರ್ಷವೇ ನೇಮಿಸಿ, ಅವರ ಮೊದಲ ಸಭೆಯನ್ನು ಬ್ರಸೆಲ್ಸ್‌ನಲ್ಲಾಗಲಿ ಮ್ಯಾಡ್ರಿಡ್‌ನಲ್ಲಾಗಲಿ ನಡೆಸದೆ ಆ ಊರುಗಳಲ್ಲೊಂದರಲ್ಲಿ ನಡೆಸುವಂತೆ ಸೂಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸಭೆಗೆ ನಕ್ಷೆಯನ್ನು ತರಲಿ, ಅದರ ಮೇಲೆ ಗೆರೆ ಇಲ್ಲದಿರಲಿ.

ವಿಶ್ವಾಸಪೂರ್ವಕವಾಗಿ,
ಬಾರ್ಸಿಲೋನಾದಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ ಎಂಜಿನಿಯರ್